ರಾತ್ರಿ ಬರುವ ಯೋಚನೆ

ಪ್ರಶ್ನೆ: ಸಿಂಧನೂರು ತಾಲ್ಲೂಕಿನಲ್ಲಿ ಕಾಲುವೆಯ ಕೊನೆಭಾಗದ ರೈತ ನಾನು. ಎರಡನೇ ಬೆಳೆಗೆ ನೀರು ಬರಲಿಲ್ಲ, ಕೈಸಾಲ ಏರಿದೆ. ಎಲ್ಲರೂ ಮಲಗಿದ ಮೇಲೆ ಸತ್ತುಹೋದರೆ ಸಾಕು ಎನ್ನಿಸುತ್ತದೆ. ಬೆಳಿಗ್ಗೆ ಮಗಳಿಗೆ ಜಡೆ ಹೆಣೆಯುವಾಗ ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯಾಗುತ್ತದೆ. ಹೆಂಡತಿಗೆ ಹೇಳಿಲ್ಲ. ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತದೆಯೇ? ಊರಿನವರು ಹುಚ್ಚ ಎನ್ನುವುದಿಲ್ಲವೇ?

ಉತ್ತರ: ತಮ್ಮಾ, ಬರೆದು ಒಳ್ಳೆಯದು ಮಾಡಿದಿರಿ. ಕೇಸ್ ಆಗುವುದಿಲ್ಲ. ಇಂಥ ಯೋಚನೆ ಬರುವುದು ಅಪರಾಧವಲ್ಲ, ಅದನ್ನು ವೈದ್ಯರ ಮುಂದೆ ಹೇಳುವುದೂ ಅಲ್ಲ. ಪ್ರಯತ್ನಿಸಿ ಬದುಕುಳಿದವರನ್ನೂ ತೀವ್ರ ಒತ್ತಡದಲ್ಲಿದ್ದವರೆಂದೇ ತಿಳಿದು ಆರೈಕೆ ಮಾಡಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ.

ಈ ಯೋಚನೆ ಒಂದೇ ಸಮನೆ ಇರುವುದಿಲ್ಲ, ಉಕ್ಕುತ್ತದೆ, ಇಳಿಯುತ್ತದೆ. ಉಕ್ಕಿದ ಆ ಹೊತ್ತನ್ನು ದಾಟಿಸುವುದೇ ದೊಡ್ಡ ಕೆಲಸ. ಆದ್ದರಿಂದ ಹೊಲಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಇಂದೇ ನಂಬಿಕೆಯವರ ಮನೆಗೆ ಸಾಗಿಸಿ, ಬೀಗ ಹಾಕಿಸಿ. ಕೀಲಿ ನಿಮ್ಮ ಬಳಿ ಬೇಡ. ಮಿಕ್ಕ ಮಾತೆಲ್ಲ ಇದಾದ ಮೇಲೆ. ಕುಡಿಯುವ ಅಭ್ಯಾಸವಿದ್ದರೆ ಸದ್ಯಕ್ಕೆ ಬಿಡಿ, ಕುಡಿದಾಗ ಮನಸ್ಸಿಗೆ ಕಡಿವಾಣ ಇರುವುದಿಲ್ಲ. ಸಾಲದ ಲೆಕ್ಕವನ್ನು ಹಗಲಿನಲ್ಲಿ, ಜೊತೆಗೊಬ್ಬರನ್ನು ಕೂರಿಸಿಕೊಂಡು ಹಾಕಿ.

ಹೆಂಡತಿಗೆ ಸುತ್ತಿ ಬಳಸಿ ಹೇಳಬೇಡಿ. ‘ರಾತ್ರಿ ಸಾಯಬೇಕು ಎನ್ನಿಸುತ್ತಿದೆ, ನನಗೆ ಭಯವಾಗಿದೆ, ಜೊತೆಗಿರು’ ಎನ್ನಿ. ಆಕೆ ಅಳಬಹುದು, ಅಳಲಿ. ಗೊತ್ತಿಲ್ಲದೆ ಪಕ್ಕದಲ್ಲಿ ನಿದ್ರಿಸುವುದಕ್ಕಿಂತ ಗೊತ್ತಾಗಿ ಅಳುವುದನ್ನೇ ಆಕೆ ಬಯಸುತ್ತಾಳೆ.

ನಿದ್ದೆಯಿಲ್ಲದ ರಾತ್ರಿ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಈ ವಾರದೊಳಗೆ ತಾಲ್ಲೂಕು ಆಸ್ಪತ್ರೆಗೆ ಅಥವಾ ರಾಯಚೂರಿನ ರಿಮ್ಸ್‌ನ ಮನೋರೋಗ ವಿಭಾಗಕ್ಕೆ ಹೋಗಿ, ಹೆಂಡತಿಯನ್ನೂ ಕರೆದುಕೊಂಡು.

ಹುಚ್ಚ ಎನ್ನುತ್ತಾರೆಂಬ ಅಂಜಿಕೆಗೆ ಒಂದು ಮಾತು. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಮಾನಸಿಕ ಚಿಕಿತ್ಸೆಯ ತರಬೇತಿ ಕೊಟ್ಟಿತು. ಆ ಬಳ್ಳಾರಿ ಮಾದರಿಯನ್ನೇ 1996ರಲ್ಲಿ ದೇಶದ ಬೇರೆ ಜಿಲ್ಲೆಗಳಿಗೆ ಒಯ್ದರು. ಜ್ವರಕ್ಕೆ ಹೋಗುವ ಬಾಗಿಲಿಗೇ ಮನಸ್ಸಿನ ನೋವಿಗೂ ಹೋಗುವಂತಾಗಲಿ ಎಂದು ನಮ್ಮ ಸೀಮೆಯಲ್ಲೇ ಶುರುವಾದ ಕೆಲಸವದು. ನೀವು ಸಂಕೋಚಪಡಬೇಕಿಲ್ಲ.

ಯಾವ ಗಳಿಗೆಯಲ್ಲಾದರೂ ಕೈಮೀರುತ್ತಿದೆ ಎನ್ನಿಸಿದರೆ ಒಬ್ಬರೇ ಇರಬೇಡಿ. ಹೆಂಡತಿಯನ್ನು ಎಬ್ಬಿಸಿ, 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಿ. ವೈದ್ಯರನ್ನು ಕಂಡ ಮೇಲೆ ನನಗೆ ಮತ್ತೆ ಬರೆಯಿರಿ, ಕಾಯುತ್ತಿರುತ್ತೇನೆ.