ತೂಕ ನೋಡಿ ರೋಬೋ ಕೊಳ್ಳಬೇಡಿ

ಪ್ರಶ್ನೆ: ಮುಂಬೈ ಮಾರ್ಕೆಟ್ಟಿನಲ್ಲಿ ಟ್ರಾನ್ಸ್‌ಫಾರ್ಮರ್ಸ್ ಕಥೆಯ ಆಪ್ಟಿಮಸ್ ಪ್ರೈಮ್, ಅಂದರೆ ಮಡಚಿದರೆ ಲಾರಿಯಾಗುವ ಆಟಿಕೆ ರೋಬೋ ತಗೊಂಡೆ. ಮಾಸ್ಟರ್‌ಪೀಸ್ ಸಾಲಿನ (ದೊಡ್ಡವರು ಕೂಡಿಡಲೆಂದು ಮಾಡುವ ಆಟಿಕೆಗಳ ಸಾಲು) ಎಂಪಿ-10 ಅಂದರು. ಎತ್ತರ ಒಂದಡಿಗಿಂತ ಸ್ವಲ್ಪ ಜಾಸ್ತಿ. ಲೋಹವೂ ಜಾಸ್ತಿ, ಕೈಯಲ್ಲಿ ಹಿಡಿದರೆ ಒಳ್ಳೆ ಭಾರ. ‘ಫಸ್ಟ್ ಕಾಪಿ, ಒರಿಜಿನಲ್‌ಗಿಂತ ಗಟ್ಟಿ’ ಅಂತ ಅಂಗಡಿಯವರ ಭರವಸೆ. ಭಾರ ಇದ್ದ ಮೇಲೆ ಕ್ವಾಲಿಟಿ ಚೆನ್ನಾಗಿಯೇ ಇರಬೇಕಲ್ಲವೇ ಸರ್? (ಡೊಂಬಿವಲಿಯ ಓದುಗರು)

ಉತ್ತರ: ಇರಬೇಕಿಲ್ಲ. ಇದೇ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ, ಅದೂ ದುಡ್ಡು ಕೊಟ್ಟು ಮನೆಗೆ ತಂದ ಮೇಲೆ. ಕೊಳ್ಳುವ ಮೊದಲು ಯಾರೂ ಕೇಳುವುದಿಲ್ಲ, ನನಗೆ ಸಂಕಟವಾಗುವುದು ಅದಕ್ಕೇ.

ಅಸಲಿ ಎಂಪಿ-10 ಸುಮಾರು 25 ಸೆಂ.ಮೀ. ಎತ್ತರ. ನಿಮ್ಮದು ಅಡಿ ದಾಟಿದೆ ಅಂದರೆ ಅಚ್ಚನ್ನು ಹಿಗ್ಗಿಸಿ ಮಾಡಿದ ನಕಲು. ಆ ಮಾತು ಅಲ್ಲಿಗೆ ಮುಗಿಯಿತು. ಇನ್ನು ಭಾರದ ಮಾತು.

ಲೋಹ ಅಂದರೆ ಒಳ್ಳೆಯದು ಎಂಬ ನಂಬಿಕೆ ಹಳೆಯದು. ಜಪಾನಿನ ಟಕಾರಾ ಕಂಪನಿಯ ಡಯಾಕ್ಲೋನ್ ಆಟಿಕೆಗಳಲ್ಲಿ ಲೋಹ ಬಳಸುತ್ತಿದ್ದರು. ಅವನ್ನೇ ಹ್ಯಾಸ್‌ಬ್ರೋ 1984ರಲ್ಲಿ ಅಮೆರಿಕದಲ್ಲಿ ಟ್ರಾನ್ಸ್‌ಫಾರ್ಮರ್ಸ್ ಹೆಸರಿನಲ್ಲಿ ಮಾರಿತು. 2003ರ ಮೊದಲ ಮಾಸ್ಟರ್‌ಪೀಸ್ ಎಂಪಿ-01 ಕೂಡ ದೊಡ್ಡದು, ಭಾರದ್ದು, ಲೋಹ ತುಂಬಿದ್ದು. ಆದರೆ 2011ರಲ್ಲಿ ಎಂಪಿ-10 ಮಾಡುವಾಗ ಟಕಾರಾದವರೇ ಗಾತ್ರ ಇಳಿಸಿದರು, ಲೋಹವನ್ನೂ ಬಹಳ ಕಡಿಮೆ ಮಾಡಿದರು. ಅದು ಜಿಪುಣತನವಲ್ಲ. ಮಗುಚಿ ಮಗುಚಿ ರೂಪ ಬದಲಿಸುವ ಗೊಂಬೆಗೆ ಭಾರವೇ ಶತ್ರು. ತೋಳು ಸತುವಿನ ಮಿಶ್ರಲೋಹದ್ದಾದರೆ ಆ ತೂಕವನ್ನೆಲ್ಲ ಹೊರುವುದು ಭುಜದೊಳಗಿನ ಪುಟ್ಟ ಪ್ಲಾಸ್ಟಿಕ್ ಹಲ್ಲುಗಳು. ಲೋಹ ಪ್ಲಾಸ್ಟಿಕ್ಕಿಗೆ ಉಜ್ಜಿದರೆ ಸವೆಯುವುದು ಪ್ಲಾಸ್ಟಿಕ್ಕೇ. ಜೊತೆಗೆ, ಪ್ಲಾಸ್ಟಿಕ್ಕಿಗೆ ಬಣ್ಣ ಅಚ್ಚಿನಲ್ಲೇ ಬೆರೆತಿರುತ್ತದೆ, ಲೋಹಕ್ಕೆ ಮೇಲಿಂದ ಬಳಿಯಬೇಕು. ನಾಲ್ಕಾರು ಸಲ ತಿರುಗಿಸುವಷ್ಟರಲ್ಲಿ ಅಂಚಿನ ಬಣ್ಣ ಎದ್ದು ಒಳಗಿನ ಬೂದು ಇಣುಕುತ್ತದೆ.

ಹಾಗಾದರೆ ಏನು ನೋಡಬೇಕು? ಮೊದಲು, ಅಂಗಡಿಯವರೇ ನಿಮ್ಮೆದುರು ಅದನ್ನು ಲಾರಿ ಮಾಡಿ ತೋರಿಸಲಿ. ‘ಸೀಲ್ ಒಡೆಯಲ್ಲ’ ಅಂದರೆ ನಾನಂತೂ ಅಲ್ಲಿಂದ ಹೊರಟುಬಿಡುತ್ತೇನೆ. ಲಾರಿಯನ್ನು ಕೌಂಟರಿನ ಗಾಜಿನ ಮೇಲೆ ನಿಲ್ಲಿಸಿ. ಆರು ಚಕ್ರವೂ ನೆಲ ಕಚ್ಚಬೇಕು. ಟಿಕೆಟ್ಟಿನ ಕಾಗದ ಯಾವುದಾದರೂ ಚಕ್ರದ ಕೆಳಗೆ ಸಲೀಸಾಗಿ ನುಗ್ಗಿತೋ, ಒಳಗೆ ಯಾವುದೋ ಭಾಗ ಸರಿಯಾಗಿ ಕೂತಿಲ್ಲ. ಪ್ಯಾನಲ್‌ಗಳು ಕೂಡುವ ಗೆರೆಯನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ. ಮತ್ತೆ ಬಾಯಿ ಬಿಟ್ಟರೆ ಕೊಕ್ಕೆ ಹಿಡಿಯುತ್ತಿಲ್ಲ.

ಆಮೇಲೆ ರೋಬೋ ರೂಪ. ತೋಳನ್ನು ಪಕ್ಕಕ್ಕೆ ನಿಧಾನ ಎತ್ತುತ್ತಾ ಕಿವಿಗೊಡಿ. ರಾಚೆಟ್ ಜಾಯಿಂಟ್ (ಹಲ್ಲಿನಿಂದ ಹಲ್ಲಿಗೆ ಹಿಡಿದು ತಿರುಗುವ ಕೀಲು) ಟಕ್ ಟಕ್ ಅನ್ನುವಾಗ ಪ್ರತಿ ಟಕ್ಕೂ ಒಂದೇ ಥರ ಕೇಳಬೇಕು. ಮಧ್ಯೆ ಒಂದು ಮೆತ್ತಗೆ ಜಾರಿದರೆ ಅಲ್ಲಿ ಹಲ್ಲು ಸವೆದಿದೆ. ಕೈಗೆ ಬಂದೂಕು ಕೊಟ್ಟು ತೋಳು ಚಾಚಿಸಿ ಐದು ನಿಮಿಷ ಬಿಡಿ. ತೋಳು ಇಳಿಯಬಾರದು.

ಕೊನೆಗೆ ಮೊಬೈಲ್ ಟಾರ್ಚ್ ಹಾಕಿ ಮೊಣಕೈ, ಮೊಣಕಾಲಿನ ಪಿನ್ನುಗಳ ಸುತ್ತ ನೋಡಿ. ಹೋದ ಮಳೆಗಾಲದಲ್ಲಿ ಮಾಟುಂಗದ ಹುಡುಗನೊಬ್ಬ ಇಂಥದ್ದೇ ಭಾರದ ರೋಬೋ ತಂದಿದ್ದ. ಹೊಸದು, ಹೊಳೆಯುತ್ತಿತ್ತು. ಬೆಳಕು ಬಿಟ್ಟರೆ ಮೊಣಕಾಲಿನ ನೀಲಿ ಪ್ಲಾಸ್ಟಿಕ್ಕಿನಲ್ಲಿ, ಪಿನ್ನಿನ ಪಕ್ಕದಿಂದ ಹೊರಟ ಕೂದಲೆಳೆಯಷ್ಟು ಬಿಳಿ ಗೆರೆ. ತೂತು ಬಿಗಿಯಾಗಿ, ಪಿನ್ನನ್ನು ಬಲವಂತವಾಗಿ ಹೊಡೆದಾಗ ಪ್ಲಾಸ್ಟಿಕ್ ಎಳೆದು ಹೀಗೆ ಬೆಳ್ಳಗಾಗುತ್ತದೆ. ಅದು ಬಿರುಕಿನ ಮುನ್ಸೂಚನೆ. ಮಡಚಬೇಡ ಮಗಾ ಅಂದೆ. ಎರಡು ವಾರ ಬಿಟ್ಟು ಬಂದ, ಕಾಲು ಒಂದು ಕೈಯಲ್ಲಿ, ಮೈ ಇನ್ನೊಂದು ಕೈಯಲ್ಲಿ. ಮೂರು ತಿಂಗಳು ಪಾಕೆಟ್ ಮನಿ ಕೂಡಿಟ್ಟು ಕೊಂಡಿದ್ದನಂತೆ. ಆ ಮುಖ ನನಗೆ ಇನ್ನೂ ಮರೆತಿಲ್ಲ.

ಅಸಲಿ ಪೆಟ್ಟಿಗೆಯಿಂದ ಬಂದದ್ದರಲ್ಲೂ ಬಿಳಿ ಗೆರೆ ಕಂಡಿದ್ದೇನೆ, ಸ್ಕ್ರೂ ಅತಿಯಾಗಿ ಬಿಗಿದದ್ದನ್ನೂ ಕಂಡಿದ್ದೇನೆ. ಆದ್ದರಿಂದ ಪೆಟ್ಟಿಗೆಯನ್ನೂ ನಂಬಬೇಡಿ, ಕೀಲು ನೋಡಿ. ನಿಮ್ಮದರಲ್ಲಿ ಗೆರೆ ಇಲ್ಲವಾದರೆ ಇಟ್ಟುಕೊಳ್ಳಿ, ನಿಧಾನವಾಗಿ ತಿರುಗಿಸಿ. ಆದರೆ ಅಸಲಿ ಅಂತ ಹೇಳಿ ಮುಂದೆ ಯಾರಿಗೂ ಮಾರಬೇಡಿ, ದಯವಿಟ್ಟು.

ಪ್ರಶ್ನೆ: ಬಿಗಿಯಾದ ಜಾಯಿಂಟಿಗೆ ಕೊಬ್ಬರಿ ಎಣ್ಣೆ ಬಿಡಿ ಅಂತ ವಿಡಿಯೋದಲ್ಲಿ ಹೇಳಿದರು. (ಪುಣೆ)

ಉತ್ತರ: ತಲೆಗೆ ಹಚ್ಚಿಕೊಳ್ಳಿ, ಜಾಯಿಂಟಿಗೆ ಬೇಡ. ಧೂಳು ಹಿಡಿದು ಕಮಟಾಗುತ್ತದೆ. ಚೂರೇ ಚೂರು ಸಿಲಿಕೋನ್ ಗ್ರೀಸ್ ಸಾಕು. ಲೂಸ್ ಆದ ಗುಂಡು ಜಾಯಿಂಟಿಗೆ ನೇಲ್ ಪಾಲಿಶ್ ಹಚ್ಚಿ ಅನ್ನುವವರ ಮಾತನ್ನೂ ಕೇಳಬೇಡಿ, ಅದರಲ್ಲಿರುವ ದ್ರಾವಕ ಇಂಥ ಆಟಿಕೆಗಳ ಎಬಿಎಸ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ನೀರು ಆಧಾರಿತ ಅಕ್ರಿಲಿಕ್ ಫ್ಲೋರ್ ಪಾಲಿಶನ್ನು ಗುಂಡಿಗೆ ತೆಳ್ಳಗೆ ಸವರಿ, ಒಂದು ದಿನ ಪೂರ್ತಿ ಒಣಗಿಸಿ, ಆಮೇಲೆ ಜೋಡಿಸಿ.

ಪ್ರಶ್ನೆ: ಡಬ್ಬದ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿದೆ, ಅಸಲಿ ತಾನೇ? (ಠಾಣೆ)

ಉತ್ತರ: 2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಆಟಿಕೆಗಳಿಗೆ ಆ ಗುರುತು ಕಡ್ಡಾಯ. ಅದು ಮಕ್ಕಳ ಸುರಕ್ಷತೆಯ ಲೆಕ್ಕ, ಬ್ರ್ಯಾಂಡ್ ಅಸಲಿಯೋ ಅಲ್ಲವೋ ಎಂಬುದಕ್ಕೆ ಸಾಕ್ಷಿಯಲ್ಲ.

ಪ್ರಶ್ನೆ: ಹಳದಿಯಾದ ಬಿಳಿ ಭಾಗಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಡಲೇ? (ಪುಣೆ)

ಉತ್ತರ: ನಾನು ಮಾಡುವುದಿಲ್ಲ. ಬಿಳುಪು ಬಂದರೂ ಹಳದಿ ಮರಳಬಹುದು, ಸ್ಟಿಕ್ಕರ್ ಮಾತ್ರ ಹೋದದ್ದು ಹೋದದ್ದೇ.

ಪ್ರಶ್ನೆ: ಮಡಗಾಂವಿನಲ್ಲಿ ನಮ್ಮ ಮನೆ ಸಮುದ್ರಕ್ಕೆ ಹತ್ತಿರ. ಅಣ್ಣ ಬಿಟ್ಟುಹೋದ ಹಳೇ ರೋಬೋದ ಸ್ಕ್ರೂಗಳು ತುಕ್ಕು ಹಿಡಿದಿವೆ, ಹೊಳೆಯುವ ಚೂರು ಬೆರೆತ ಚಿನ್ನದ ಬಣ್ಣದ ಭಾಗಗಳೂ ಪುಡಿಯಾಗುತ್ತಿವೆ. ಫೆವಿಕ್ವಿಕ್ ಹಾಕಲೇ?

ಉತ್ತರ: ಬೇಡಮ್ಮಾ. ಸ್ಕ್ರೂ ಬದಲಾಯಿಸಬಹುದು. ಬ್ಯಾಟರಿ ಇದ್ದರೆ ಇವತ್ತೇ ತೆಗೆಯಿರಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಆದರೆ ಆ ಥರದ ಚಿನ್ನದ ಪ್ಲಾಸ್ಟಿಕ್ ಮುಟ್ಟದೆ ಪೆಟ್ಟಿಗೆಯಲ್ಲಿಟ್ಟರೂ ತಾನಾಗಿಯೇ ಪೆಡಸಾಗುತ್ತದೆ. ಅಂಟು ಹಾಕಿದರೆ ಅಂಟಿದ ಜಾಗದ ಪಕ್ಕದಲ್ಲೇ ಮುರಿಯುತ್ತದೆ. ಈಗ ಯಾವ ರೂಪದಲ್ಲಿದೆಯೋ ಅದೇ ರೂಪದಲ್ಲಿ ಬಿಡಿ, ಇನ್ನು ತಿರುಗಿಸಬೇಡಿ. ಅಣ್ಣ ಬಂದು ಕೇಳಿದರೂ ಕೊಡಬೇಡಿ.