ಎಂಪಿ3 ಆಗಲೊಲ್ಲದ ಹಾಡುಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು 2004ರಿಂದ 2007ರವರೆಗೆ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಗ ಅಲ್ಲಿನ ಅಂತರಜಾಲ ಅಂಗಡಿಯೊಂದರಿಂದ ಹಾಡೊಂದಕ್ಕೆ 99 ಸೆಂಟ್‌ನಂತೆ ಸುಮಾರು 140 ಹಾಡುಗಳನ್ನು ಹಣ ಕೊಟ್ಟೇ ಇಳಿಸಿಕೊಂಡಿದ್ದೆ. ಈಗ ಅವನ್ನು ಪೆನ್‌ಡ್ರೈವ್‌ಗೆ ಹಾಕಿ ಕಾರಿನಲ್ಲಿ ಕೇಳೋಣವೆಂದರೆ, ಎಂಪಿ3ಗೆ ಪರಿವರ್ತಿಸುವ ಯಾವ ತಂತ್ರಾಂಶವೂ ಅವನ್ನು ಒಪ್ಪುತ್ತಿಲ್ಲ. ಫೈಲಿನ ಹೆಸರಿನ ಕೊನೆಯಲ್ಲಿರುವ ‘ಎಂ4ಪಿ’ಯನ್ನು ಅಳಿಸಿ ‘ಎಂಪಿ3’ ಎಂದು ಬರೆದೂ ನೋಡಿದೆ. ಹಾಡಿನ ಹೆಸರು ತೆರೆಯ ಮೇಲೆ ಒಂದು ಕ್ಷಣ ಮೂಡಿ, ಸದ್ದೇ ಇಲ್ಲದೆ ಮುಂದಿನ ಹಾಡಿಗೆ ಜಿಗಿಯುತ್ತದೆ. ಫೈಲುಗಳು ಕೆಟ್ಟಿವೆಯೇ? ಬೀಗ ಒಡೆಯುವ ಉಚಿತ ತಂತ್ರಾಂಶಗಳನ್ನು ಬಳಸಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ಫೈಲುಗಳು ಕೆಟ್ಟಿಲ್ಲ, ಅವುಗಳಿಗೆ ಬೀಗ ಬಿದ್ದಿದೆ. ಅಂಗಡಿಯ ಹೆಸರನ್ನು ನೀವು ಬರೆದಿಲ್ಲವಾದರೂ ‘ಎಂ4ಪಿ’ ಎಂಬ ಬಾಲ ಮತ್ತು 99 ಸೆಂಟ್ ಬೆಲೆ, ಇವೆರಡರಿಂದಲೇ ಇವು ಆಪಲ್ ಸಂಸ್ಥೆಯು 2003ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ತೆರೆದ ಐಟ್ಯೂನ್ಸ್ ಮಳಿಗೆಯ ಹಾಡುಗಳೆಂದು ಹೇಳಬಹುದು. ಆ ಕಾಲದಲ್ಲಿ ಅಲ್ಲಿ ಮಾರಿದ ಹಾಡುಗಳು 128 ಕೆಬಿಪಿಎಸ್‌ನ ಎಎಸಿ ಎಂಬ, ಎಂಪಿ3ಯಂತೆಯೇ ಕುಗ್ಗಿಸಿದ ರೂಪದಲ್ಲಿದ್ದು (ಕೆಬಿಪಿಎಸ್ ಎಂದರೆ ಹಾಡಿನ ಪ್ರತಿ ಸೆಕೆಂಡಿಗೆ ಬಳಸುವ ದತ್ತಾಂಶದ ಅಳತೆ), ಫೇರ್‌ಪ್ಲೇ ಎಂಬ ಗೂಢಲಿಪಿಯ ಹೊದಿಕೆಯೊಂದಿಗೆ ಬರುತ್ತಿದ್ದವು. ಅದನ್ನು ತೆರೆಯುವ ಕೀಲಿ ಇರುವುದು ಫೈಲನ್ನು ಕೊಂಡ ಖಾತೆಯ ಬಳಿ. ಹೆಚ್ಚೆಂದರೆ ಐದು ಕಂಪ್ಯೂಟರ್‌ಗಳಿಗೆ ಮಾತ್ರ ಆ ಖಾತೆಯ ಹೆಸರಿನಲ್ಲಿ ಅನುಮತಿ ದೊರೆಯುತ್ತದೆ. ಬಾಗಿಲ ಮೇಲಿನ ಹೆಸರಿನ ಫಲಕ ಬದಲಾಯಿಸಿದರೆ ಬೀಗ ತೆರೆಯುವುದಿಲ್ಲವಷ್ಟೆ. ನೀವು ಫೈಲಿನ ಹೆಸರು ತಿದ್ದಿದ್ದರಿಂದ ಆದದ್ದೂ ಇಷ್ಟೇ.

ಮೊದಲು ಐಟ್ಯೂನ್ಸ್ ತಂತ್ರಾಂಶವನ್ನು ಈಗಿನ ಕಂಪ್ಯೂಟರ್‌ನಲ್ಲಿ ಹಾಕಿಕೊಂಡು, ಅಂದು ಬಳಸಿದ ಅದೇ ಖಾತೆಯಿಂದ ಒಳಹೊಕ್ಕು, ‘ಅಕೌಂಟ್’ ಪಟ್ಟಿಯಲ್ಲಿರುವ ‘ಆಥರೈಸೇಷನ್ಸ್’ ಎಂಬಲ್ಲಿ ಈ ಕಂಪ್ಯೂಟರ್‌ಗೆ ಅನುಮತಿ ಪಡೆಯಿರಿ. ಬಳಿಕ ಯಾವುದಾದರೂ ಹಾಡಿನ ‘ಗೆಟ್ ಇನ್ಫೋ’ ತೆರೆದು ಅದರ ಬಗೆಯನ್ನು ನೋಡಿ. ‘ಪ್ರೊಟೆಕ್ಟೆಡ್’ ಎಂದಿದ್ದರೆ ಬೀಗವಿದೆ; ‘ಪರ್ಚೇಸ್ಡ್’ ಎಂದಷ್ಟೇ ಇದ್ದರೆ ಬೀಗವಿಲ್ಲ. ನೀವು 2007ರ ಮೇ ತಿಂಗಳ ನಂತರ ಕೊಂಡವುಗಳಲ್ಲಿ ಕೆಲವು ಎರಡನೆಯ ಬಗೆಯವಾಗಿರಬಹುದು, ಏಕೆಂದರೆ ಇಎಂಐ ಎಂಬ ಸಂಗೀತ ಕಂಪನಿಯ ಹಾಡುಗಳನ್ನು ಆಗಲೇ 256 ಕೆಬಿಪಿಎಸ್‌ನಲ್ಲಿ ಬೀಗವಿಲ್ಲದೆ ಮಾರಲು ಆರಂಭಿಸಿದ್ದರು. ಉಳಿದ ಕಂಪನಿಗಳು ಒಪ್ಪಿ, ಇಡೀ ಮಳಿಗೆಯ ಸಂಗೀತದ ಬೀಗ ಕಳಚಿದ್ದು 2009ರಲ್ಲಿ.

ಬೀಗವಿರುವ ಹಾಡುಗಳಿಗೆ ನಾನು ಸೂಚಿಸುವುದು ಹಳೆಯ ದಾರಿಯನ್ನೇ: ಆಡಿಯೋ ಸಿಡಿ. ಐಟ್ಯೂನ್ಸ್‌ನ ನಿಯಮವೇ ಇದಕ್ಕೆ ಅವಕಾಶ ಕೊಟ್ಟಿದೆ. ಬದಲಾಯಿಸದ ಒಂದು ಹಾಡುಪಟ್ಟಿಯನ್ನು ಏಳು ಸಲ ಸಿಡಿಗೆ ಬರೆಯಬಹುದು. ಹಾಡೊಂದು ನಾಲ್ಕು ನಿಮಿಷವೆಂದುಕೊಂಡರೆ 80 ನಿಮಿಷದ ಒಂದು ಸಿಡಿಯಲ್ಲಿ 20 ಹಿಡಿಯುತ್ತವೆ, ಎಂದರೆ ನಿಮ್ಮ 140 ಹಾಡುಗಳಿಗೆ ಏಳು ಸಿಡಿ. ಮತ್ತೆ ಮತ್ತೆ ಅಳಿಸಿ ಬರೆಯಬಲ್ಲ ಸಿಡಿಯಾದರೆ ಒಂದೇ ಸಾಕು, ತಾಳ್ಮೆ ಮಾತ್ರ ಏಳರಷ್ಟು ಬೇಕು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಡ್ರೈವ್ ಇರುವುದಿಲ್ಲವಾದ್ದರಿಂದ ಯುಎಸ್‌ಬಿಗೆ ಸಿಕ್ಕಿಸುವ ಡ್ರೈವ್ ಒಂದನ್ನು ಸ್ನೇಹಿತರಿಂದಲಾದರೂ ತನ್ನಿ. ಬರೆಯುವಾಗ ‘ಡೇಟಾ ಸಿಡಿ’ ಅಲ್ಲ, ‘ಆಡಿಯೋ ಸಿಡಿ’ ಎಂಬುದನ್ನೇ ಆರಿಸಿ. ಡೇಟಾ ಸಿಡಿಗೆ ಹೋಗುವುದು ಬೀಗ ಸಹಿತವಾದ ಅದೇ ಫೈಲು. ಸಿದ್ಧವಾದ ಸಿಡಿಯಿಂದ ಹಾಡುಗಳನ್ನು ಎಂಪಿ3 ಆಗಿ ಮರಳಿ ಕಂಪ್ಯೂಟರ್‌ಗೆ ತೆಗೆದುಕೊಂಡರೆ ಕೆಲಸ ಮುಗಿಯಿತು.

ಇದರಲ್ಲಿ ಒಂದು ನಷ್ಟವುಂಟು. ಎಎಸಿ ಮಾಡುವಾಗಲೇ ಕಿವಿಗೆ ಅಷ್ಟಾಗಿ ಗೊತ್ತಾಗದ ಸೂಕ್ಷ್ಮಗಳನ್ನು ತೆಗೆದುಹಾಕಿರುತ್ತಾರೆ. ಎಂಪಿ3 ತನ್ನದೇ ಲೆಕ್ಕದಲ್ಲಿ ಮತ್ತಷ್ಟನ್ನು ತೆಗೆಯುತ್ತದೆ, ಒಮ್ಮೆ ಜರಡಿ ಹಿಡಿದ ಹಿಟ್ಟನ್ನು ಬೇರೆ ಅಳತೆಯ ಕಣ್ಣಿನ ಜರಡಿಯಲ್ಲಿ ಮತ್ತೊಮ್ಮೆ ಹಿಡಿದ ಹಾಗೆ. ಆದ್ದರಿಂದ ಎಂಪಿ3ಯನ್ನು 192 ಕೆಬಿಪಿಎಸ್‌ಗಿಂತ ಕಡಿಮೆ ಇಡಬೇಡಿ. ಹಾಗೆಂದು 320ಕ್ಕೆ ಏರಿಸಿದ ಮಾತ್ರಕ್ಕೆ ಹೋದದ್ದು ಮರಳಿ ಬರುವುದಿಲ್ಲ. ಕಾರಿನ ಎಂಜಿನ್ ಸದ್ದಿನ ನಡುವೆ ಈ ವ್ಯತ್ಯಾಸ ನಿಮಗೆ ತಿಳಿಯಲಾರದೆಂದು ನನ್ನ ಅನಿಸಿಕೆ. ಮನೆಯ ಒಳ್ಳೆಯ ಸ್ಪೀಕರ್‌ನಲ್ಲಿ ಜಾಗಟೆ, ತಾಳದಂಥ ಲೋಹದ ನಾದದಲ್ಲಿ ತಿಳಿದೀತು. ಅದು ಬೇಡವೆನ್ನುವವರಿಗೆ ಆಪಲ್ ತಾನೇ ಹೇಳುವ ಇನ್ನೊಂದು ದಾರಿ ಐಟ್ಯೂನ್ಸ್ ಮ್ಯಾಚ್ ಎಂಬ ವಾರ್ಷಿಕ ಚಂದಾ. ಅದರಲ್ಲಿ ನಿಮ್ಮ ಹಾಡು ಐಟ್ಯೂನ್ಸ್ ಮಳಿಗೆಯಲ್ಲೂ ಇದ್ದರೆ 256 ಕೆಬಿಪಿಎಸ್‌ನ ಬೀಗವಿಲ್ಲದ ಫೈಲನ್ನು ಇಳಿಸಿಕೊಳ್ಳಬಹುದು, ಚಂದಾ ನಿಂತ ಮೇಲೂ ಅದು ನಿಮ್ಮಲ್ಲೇ ಉಳಿಯುತ್ತದೆ. ಅನೇಕ ಕಾರುಗಳ ಪ್ಲೇಯರ್‌ಗಳು ಬೀಗವಿಲ್ಲದ ಎಎಸಿಯನ್ನು ನೇರವಾಗಿ ನುಡಿಸುವುದರಿಂದ ಎಂಪಿ3ಯ ಗೊಡವೆಯೂ ತಪ್ಪೀತು.

ಬೀಗ ಒಡೆಯುವ ಉಚಿತ ತಂತ್ರಾಂಶಗಳ ಬಗ್ಗೆ: ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ವಿಧಿಯು, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿಯುವವರಿಗೆ ಎರಡು ವರ್ಷದವರೆಗಿನ ಸೆರೆಯನ್ನು ಹೇಳುತ್ತದೆ. ಕೊಂಡ ಹಾಡನ್ನು ತಾನೇ ಕೇಳುವವನ ಉದ್ದೇಶ ಅದಲ್ಲವೆಂದು ವಾದಿಸಲು ಅವಕಾಶವಿದೆ, ನಿಜ. ಅಮೆರಿಕದ 1998ರ ಕಾನೂನು ಇದಕ್ಕಿಂತ ಬಿಗಿ. ಆದರೆ ಕಾನೂನಿಗಿಂತ ನನಗೆ ಹೆಚ್ಚು ಅಳುಕಿರುವುದು ಆ ತಂತ್ರಾಂಶಗಳ ಜೊತೆಗೆ ಬರುವ ವೈರಸ್ಸುಗಳ ಬಗ್ಗೆ. ಸಿಡಿಯ ದಾರಿ ತೆರೆದೇ ಇರುವಾಗ ಅದು ಏಕೆ ಬೇಕು?

ತಡಮಾಡಬೇಡಿ ಎಂಬುದಷ್ಟೇ ನನ್ನ ಒತ್ತಾಯ. 2008ರಲ್ಲಿ ಮೈಕ್ರೋಸಾಫ್ಟ್, ತನ್ನ ಅಂತರಜಾಲ ಹಾಡಿನ ಅಂಗಡಿಯಾದ ಎಂಎಸ್‌ಎನ್ ಮ್ಯೂಸಿಕ್‌ನ ಗ್ರಾಹಕರಿಗೆ ಹೊಸ ಕಂಪ್ಯೂಟರ್‌ಗಳ ಕೀಲಿ ಕೊಡುವ ಸರ್ವರ್‌ಗಳನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಪ್ರತಿಭಟನೆಯ ನಂತರ ಗಡುವನ್ನು 2011ರ ಕೊನೆಯವರೆಗೆ ಮುಂದೂಡಿತು. ಹಣ ಕೊಟ್ಟವರ ಹಾಡು ಅವರದೇ ಹೊಸ ಕಂಪ್ಯೂಟರ್‌ನಲ್ಲಿ ಮೂಕವಾಗುವ ಸ್ಥಿತಿ ಅದು.

ಪ್ರಶ್ನೆ: ತಿಂಗಳ ಚಂದಾ ಕಟ್ಟಿ ಮೊಬೈಲ್ ಆ್ಯಪ್‌ನಲ್ಲಿ ಇಳಿಸಿಕೊಂಡ ಹಾಡುಗಳನ್ನೂ ಹೀಗೆಯೇ ಸಿಡಿಗೆ ಬರೆಯಬಹುದೇ?
— ಓದುಗರೊಬ್ಬರು, ಹಾಸನ

ಉತ್ತರ: ಇಲ್ಲ. ಅವು ಬಾಡಿಗೆಯ ಹಾಡುಗಳು. ಚಂದಾ ನಿಂತ ಕೂಡಲೇ ಫೋನಿನಲ್ಲಿದ್ದೂ ನುಡಿಯುವುದಿಲ್ಲ, ಸಿಡಿಗೆ ಬರೆಯುವ ಅನುಮತಿಯೂ ಅವುಗಳಿಗಿಲ್ಲ. ಬೇಕೇ ಬೇಕೆನಿಸಿದ ಹಾಡನ್ನು ಬಿಡಿಯಾಗಿ ಕೊಂಡುಕೊಳ್ಳಿ. ಭಾರತದಲ್ಲಿ ಐಟ್ಯೂನ್ಸ್ ಮಳಿಗೆ ತೆರೆದದ್ದು 2012ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಬೀಗದ ಕಾಲ ಕಳೆದಿದ್ದುದರಿಂದ, ಇಲ್ಲಿ ಕೊಂಡ ಹಾಡು ಬೀಗವಿಲ್ಲದ ‘ಎಂ4ಎ’ ಆಗಿಯೇ ಕೈಸೇರುತ್ತದೆ, ಎಂಪಿ3ಗೆ ನೇರವಾಗಿ ಪರಿವರ್ತನೆಯೂ ಆಗುತ್ತದೆ.