ಪಥ ಬಿಟ್ಟವರಿಗೆ ದಂಡ, ಪಥ ತುಂಬಿದವರಿಗೆ?

ಓದುಗರ ಪತ್ರ: "ನಾನು ದಿನವೂ ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗಿಬರುವವನು. ಹೋದ ವಾರ ಸೈಕಲ್ ಪಥದಲ್ಲೇ ಒಂದು ಡೆಲಿವರಿ ವ್ಯಾನ್ ನಿಂತಿತ್ತು. ಅದನ್ನು ದಾಟಲು ಪಕ್ಕದ ವಾಹನಗಳ ಪಥಕ್ಕೆ ಬಂದೆ. ಸ್ವಲ್ಪ ಮುಂದೆ ನಿಂತಿದ್ದ ಪೊಲೀಸರು ನನ್ನನ್ನೇ ತಡೆದು, ಸೈಕಲ್ ಪಥ ಬಿಟ್ಟು ಬಂದಿದ್ದಕ್ಕೆ ದಂಡ ಹಾಕಿದರು. ವ್ಯಾನ್ ತೋರಿಸಿದರೆ 'ಅದು ನಮ್ಮ ಕೆಲಸ ಅಲ್ಲ' ಅಂದರು. ಅಲ್ಲಿಂದ ಮುಂದೆ ಬಸ್ ಪಥ. ಅದರಲ್ಲಿ ಹೋದರೆ ಬಸ್ಸಿನವರು ಹಾರ್ನ್ ಹೊಡೆದು, ಮೈಗೆ ಒತ್ತಿಕೊಂಡೇ ಮುಂದೆ ಹೋಗುತ್ತಾರೆ. ನನಗೆ ಹಕ್ಕು ಅಂತ ಏನಾದರೂ ಇದೆಯೇ? ದೂರು ಕೊಟ್ಟರೆ ಏನಾದರೂ ಆಗುತ್ತದೆಯೇ?"

ಸಂಪಾದಕರ ಉತ್ತರ:

ಹಕ್ಕು ಖಂಡಿತ ಇದೆ. ದೂರಿಗೆ ಫಲವೂ ಇದೆ, ಬರೆಯುವ ಹಾಗೆ ಬರೆದರೆ. ಮೊದಲು ದಂಡದ ವಿಷಯ ನೋಡೋಣ, ಏಕೆಂದರೆ ಅದಕ್ಕೆ ಗಡುವು ಇರುತ್ತದೆ.

ಇನ್ನೂ ಹಣ ಕಟ್ಟಿಲ್ಲವಾದರೆ ಸದ್ಯ ಕಟ್ಟಬೇಡಿ. ಬಹಳ ಕಡೆ ದಂಡ ಕಟ್ಟಿದರೆ ತಪ್ಪು ಒಪ್ಪಿಕೊಂಡಂತೆಯೇ ಲೆಕ್ಕ, ಆಮೇಲೆ ಆಕ್ಷೇಪಣೆಗೆ ದಾರಿ ಇರುವುದಿಲ್ಲ. ಚೀಟಿಯಲ್ಲಿ ಮೂರು ಸಂಗತಿ ನೋಡಿ: ಯಾವ ನಿಯಮದ ಯಾವ ಕಲಂ ಹಾಕಿದ್ದಾರೆ, ಸ್ಥಳವನ್ನು ಹೇಗೆ ಬರೆದಿದ್ದಾರೆ, ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನ ಯಾವುದು. ಆ ಕಲಂ ಹುಡುಕಿ ಪೂರ್ತಿ ಓದಿ. ರಸ್ತೆಯಲ್ಲಿ ನಿಂತು ದಂಡ ಹಾಕುವವರ ನೆನಪಿನಲ್ಲಿ ನಿಯಮದ ಮೊದಲ ಸಾಲು ಇರುತ್ತದೆ. ವಿನಾಯಿತಿ ಎರಡನೆಯ ಸಾಲಿನಲ್ಲಿ ಇರುತ್ತದೆ.

ನ್ಯೂಯಾರ್ಕ್ ನಗರದ ಸಂಚಾರ ನಿಯಮವನ್ನೇ ನೋಡಿ. ಸೈಕಲ್ ಪಥ ಇರುವ ಕಡೆ ಸೈಕಲ್‌ನವರು ಅದನ್ನೇ ಬಳಸಬೇಕು ಎಂದು ಅದು ಹೇಳುತ್ತದೆ. ಬೆನ್ನಿಗೇ, ತಿರುವಿಗೆ ಸಿದ್ಧವಾಗುವಾಗ ಅಥವಾ ಅಪಾಯ ತಪ್ಪಿಸಬೇಕಾದಾಗ ಹೊರಗೆ ಬರಬಹುದು ಎಂದೂ ಹೇಳುತ್ತದೆ. ಜರ್ಮನಿಯಲ್ಲಿ 1998ರಿಂದ ನೀಲಿ ಬಣ್ಣದ ದುಂಡು ಫಲಕ ಇದ್ದರೆ ಮಾತ್ರ ಸೈಕಲ್ ಪಥದ ಬಳಕೆ ಕಡ್ಡಾಯ. ಆ ಫಲಕವನ್ನೂ ಮನಸ್ಸು ಬಂದಲ್ಲಿ ನೆಡುವಂತಿಲ್ಲ, ಅಲ್ಲಿ ಮಾಮೂಲಿಗಿಂತ ಹೆಚ್ಚಿನ ಅಪಾಯ ಇರಬೇಕು ಎಂದು ಅಲ್ಲಿನ ಫೆಡರಲ್ ಆಡಳಿತ ನ್ಯಾಯಾಲಯ 2010ರಲ್ಲಿ ತೀರ್ಪು ಕೊಟ್ಟಿದೆ. ಬ್ರಿಟನ್ನಿನಲ್ಲಂತೂ ಪಥ ಇದ್ದರೂ ಅದರಲ್ಲೇ ಹೋಗಬೇಕೆಂಬ ಕಡ್ಡಾಯ ಇಲ್ಲ. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದಲ್ಲಿ 'ಚಾಲಕ' ಎಂಬ ಪದದ ಅರ್ಥ ಕೊಡುವಾಗಲೇ ಸೈಕಲ್ ಓಡಿಸುವವರನ್ನೂ ಸೇರಿಸಿದ್ದಾರೆ. ನೀವು ರಸ್ತೆಯಲ್ಲಿರುವುದು ಯಾರ ದಯೆಯಿಂದಲೂ ಅಲ್ಲ.

ಆಕ್ಷೇಪಣೆಯಲ್ಲಿ ನಿಮಗಾದ ಬೇಸರ ಬರೆಯಬೇಡಿ, ಅಳತೆ ಬರೆಯಿರಿ. ಒಂದು ಟೇಪು ಹಿಡಿದು ಅದೇ ಜಾಗಕ್ಕೆ ಹೋಗಿ, ಸಂಚಾರ ಕಡಿಮೆ ಇರುವ ಹೊತ್ತಿನಲ್ಲಿ ಫುಟ್‌ಪಾತಿನ ಅಂಚಿನಿಂದ ಬಿಳಿ ಗೆರೆಯವರೆಗೆ ಅಳೆಯಿರಿ. ಪಥ 1.5 ಮೀಟರ್ ಅಗಲ ಇದೆ ಎಂದುಕೊಳ್ಳೋಣ. ವ್ಯಾನ್ ಸುಮಾರು 2 ಮೀಟರ್ ಅಗಲ, ಅಂಚಿಗೆ 20 ಸೆಂಟಿಮೀಟರ್ ಬಿಟ್ಟು ನಿಂತಿರುತ್ತದೆ. ಅಂದರೆ ಅದರ ಹೊರ ಮಗ್ಗುಲು ಅಂಚಿನಿಂದ 2.2 ಮೀಟರಿನಲ್ಲಿ. ಬಾಗಿಲು ಪೂರ್ತಿ ತೆರೆದುಕೊಂಡರೆ ಇನ್ನೊಂದು ಮೀಟರ್. ನಿಮ್ಮ ಹ್ಯಾಂಡಲ್ಲಿನ ಅರ್ಧ ಅಗಲ 30 ಸೆಂಟಿಮೀಟರ್. ಕೂಡಿದರೆ ನಿಮ್ಮ ಚಕ್ರ ಅಂಚಿನಿಂದ 3.5 ಮೀಟರ್ ದೂರದಲ್ಲಿ ಇರಬೇಕು, ಅಂದರೆ ಕಾರುಗಳ ಪಥದೊಳಗೆ 2 ಮೀಟರ್. ನೀವು 'ನಡುರಸ್ತೆಗೆ ಬಂದಿರಿ' ಎಂದು ಚೀಟಿಯಲ್ಲಿ ಬರೆದಿದ್ದರೆ, ಬರಲೇಬೇಕಿತ್ತು ಎಂಬುದಕ್ಕೆ ಈ ಲೆಕ್ಕವೇ ಸಾಕ್ಷಿ. ಅದಕ್ಕಿಂತ ವ್ಯಾನಿನ ಹತ್ತಿರ ಹೋಗುವುದು ಬಾಗಿಲಿಗೆ ಎದೆ ಕೊಟ್ಟ ಹಾಗೆ.

ಹಾಗೆ ಹೊರಗೆ ಬರುವುದಕ್ಕೂ ಒಂದು ಕ್ರಮ ಇದೆ, ಆಕ್ಷೇಪಣೆಯಲ್ಲಿ ಅದನ್ನೂ ಹೇಳಬೇಕಾಗುತ್ತದೆ. ಗಂಟೆಗೆ 18 ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ 5 ಮೀಟರ್. ನಿಂತ ವಾಹನಕ್ಕೆ 30 ಮೀಟರ್ ಇರುವಾಗಲೇ ಹಿಂದಿರುಗಿ ನೋಡಿದರೆ ನಿಮಗೆ ಆರು ಸೆಕೆಂಡು ಸಿಗುತ್ತದೆ: ನೋಡಲು, ಕೈ ತೋರಿಸಲು, ಮತ್ತೊಮ್ಮೆ ನೋಡಿ ಸರಿಯಲು. ಹತ್ತು ಮೀಟರ್ ಇರುವಾಗ ತಟ್ಟನೆ ಹೊರಗೆ ನುಗ್ಗಿದರೆ ಎರಡೇ ಸೆಕೆಂಡು, ಹಿಂದಿನ ಚಾಲಕನಿಗೆ ಬ್ರೇಕ್ ಒತ್ತಲು ಸಮಯ ಸಾಲದು. 'ಅಜಾಗರೂಕತೆಯಿಂದ ಪಥ ಬದಲಾಯಿಸಿದ್ದಾರೆ' ಎಂಬ ಬೇರೊಂದು ಕಲಂ ಹಾಕಿದ್ದರೆ ವಾದ ನಿಲ್ಲುವುದು, ಬೀಳುವುದು ಇಲ್ಲೇ. ಹಿಂಬದಿ ನೋಡಿ, ಕೈ ತೋರಿಸಿ ಬಂದಿದ್ದರೆ ಅದನ್ನು ಸ್ಪಷ್ಟವಾಗಿ ಬರೆಯಿರಿ. ಇಲ್ಲದಿದ್ದರೆ ಇದ್ದದ್ದು ಇದ್ದ ಹಾಗೆ ಬರೆಯಿರಿ, ಸುಳ್ಳು ಸೇರಿದರೆ ಉಳಿದ ಅಳತೆಯನ್ನೂ ಯಾರೂ ನಂಬುವುದಿಲ್ಲ.

ಈಗ 'ಅದು ನಮ್ಮ ಕೆಲಸ ಅಲ್ಲ' ಎಂಬ ಮಾತು. ನಿಮಗೆ ಸಿಟ್ಟು ಬಂದಿದ್ದು ಸಹಜ, ಆದರೆ ಕೆಲವು ಕಡೆ ಅದು ನಿಜವೂ ಹೌದು. ಎಷ್ಟೋ ನಗರಗಳಲ್ಲಿ ನಿಲುಗಡೆಯ ತಪ್ಪುಗಳನ್ನು ಪೊಲೀಸರ ಕೈಯಿಂದ ತೆಗೆದು ನಗರಾಡಳಿತಕ್ಕೆ ಕೊಟ್ಟಿದ್ದಾರೆ, ಚಲಿಸುವ ವಾಹನಗಳ ತಪ್ಪು ಮಾತ್ರ ಪೊಲೀಸರ ಬಳಿ ಉಳಿದಿದೆ. ನಿಂತ ವ್ಯಾನಿಗೆ ಒಬ್ಬರು, ಓಡುವ ಸೈಕಲ್ಲಿಗೆ ಇನ್ನೊಬ್ಬರು. ಇಬ್ಬರ ನಡುವೆ ಪಥ ಅನಾಥ. ನಿಮ್ಮ ದೂರು ತಪ್ಪಾದ ಮೇಜಿಗೆ ಹೋದರೆ ತಿಂಗಳುಗಟ್ಟಲೆ ಅಲ್ಲೇ ಬಿದ್ದಿರುತ್ತದೆ. ಹಾಗಾಗಿ ದೂರನ್ನು ಒಂದೇ ದಿನ ಇಬ್ಬರಿಗೂ ಕೊಡಿ, ಪ್ರತಿ ಯಾರಿಗೆ ಹೋಗಿದೆ ಎಂಬುದು ಇಬ್ಬರ ಕಾಗದದಲ್ಲೂ ಇರಲಿ.

ವ್ಯಾನಿಗೆ ದಂಡ ಬೀಳದಿರಲು ಇನ್ನೊಂದು ಕಾರಣ ಗೆರೆ. ಬ್ರಿಟನ್ನಿನಲ್ಲಿ ಸೈಕಲ್ ಪಥದ ಗೆರೆ ಅಖಂಡವಾಗಿದ್ದರೆ ಮೋಟಾರು ವಾಹನ ಒಳಗೆ ಬರುವಂತಿಲ್ಲ. ತುಂಡು ಗೆರೆಯಾದರೆ ಅನಿವಾರ್ಯವಾದಾಗ ಬರಬಹುದು. ನಿಮ್ಮ ರಸ್ತೆಯ ನಿಯಮದಲ್ಲೂ ಇಂಥ ವ್ಯತ್ಯಾಸ ಇರಬಹುದು. ಬಣ್ಣ ಮಾಸಿದ್ದರೆ, ಫಲಕ ಮರದ ಕೊಂಬೆಯ ಹಿಂದೆ ಮರೆಯಾಗಿದ್ದರೆ, ಪಥಕ್ಕೆ ಹೊತ್ತಿನ ಮಿತಿ ಇದ್ದು ಆ ಹೊತ್ತು ಮುಗಿದಿದ್ದರೆ, ವ್ಯಾನಿಗೆ ಹಾಕಿದ ದಂಡ ಮೇಲ್ಮನವಿಯಲ್ಲಿ ಬಿದ್ದುಹೋಗಬಹುದು. ಎರಡು ಸಲ ಹಾಗಾದರೆ ಅಧಿಕಾರಿ ಮೂರನೆಯ ಸಲ ಆ ರಸ್ತೆಯ ಕಡೆ ತಲೆ ಹಾಕುವುದಿಲ್ಲ. ಮಾಸಿದ ಗೆರೆಯ ಬಗ್ಗೆ ಕೊಡುವ ದೂರು ಸಣ್ಣದೆನಿಸಬಹುದು, ಉಳಿದ ಎಲ್ಲ ದೂರುಗಳ ಬಲ ನಿಂತಿರುವುದು ಅದರ ಮೇಲೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತನ್ನು ಮುಚ್ಚಿಡಲಾರೆವು. ಸೈಕಲ್ ಸವಾರನನ್ನು ಕೈ ಅಡ್ಡ ಹಿಡಿದು ನಿಲ್ಲಿಸಬಹುದು. ಚಾಲಕ ಇಲ್ಲದ ವ್ಯಾನಿನ ಮುಂದೆ ಕಾಯಬೇಕು, ಎತ್ತುವ ಗಾಡಿ ಕರೆಸಬೇಕು. ಸುಲಭವಾಗಿ ಸಿಕ್ಕವರನ್ನು ಹಿಡಿದು ಲೆಕ್ಕ ತುಂಬಿಸುವುದು ನಿಯಮದ ಜಾರಿ ಅಲ್ಲ. ಪಥ ಮಾಡಿದ್ದು ಸೈಕಲ್‌ನವರ ಜೀವ ಉಳಿಸಲು. ಅದರ ಹೆಸರಿನಲ್ಲಿ ಅವರಿಗೇ ದಂಡ ಹಾಕಿ, ಅವರನ್ನು ಹೊರಗೆ ತಳ್ಳಿದವರನ್ನು ಬಿಡುವುದು ಅನ್ಯಾಯ.

ಬಸ್ ಪಥಕ್ಕೆ ಬರೋಣ. ಮೊದಲು ಫಲಕ ನೋಡಿ. ಬಸ್ಸಿನ ಜೊತೆ ಸೈಕಲ್ಲಿನ ಚಿತ್ರವೂ ಇದ್ದರೆ ನಿಮಗೆ ಪೂರ್ಣ ಹಕ್ಕಿದೆ. ಇಲ್ಲದಿದ್ದರೆ ನಿಯಮ ಓದಿಯೇ ಇಳಿಯಿರಿ. ಲಂಡನ್ನಿನ ಬಹುತೇಕ ಬಸ್ ಪಥಗಳಲ್ಲಿ ಸೈಕಲ್ಲಿಗೆ ಅವಕಾಶ ಇದೆ, ಎಲ್ಲ ನಗರಗಳಲ್ಲೂ ಹಾಗಿಲ್ಲ.

ಬಸ್ಸು ಮೈಗೆ ಒತ್ತಿಕೊಂಡು ಹೋಗುವುದಕ್ಕೆ ಚಾಲಕನ ಸ್ವಭಾವ ಒಂದೇ ಕಾರಣ ಅಲ್ಲ, ಪಥದ ಅಗಲವೂ ಕಾರಣ. ಯುರೋಪಿನಲ್ಲಿ ಬಸ್ಸಿನ ಗರಿಷ್ಠ ಅಗಲ 2.55 ಮೀಟರ್, ಕನ್ನಡಿಗಳು ಬೇರೆ. ನಿಮ್ಮ ಚಕ್ರ ಅಂಚಿನಿಂದ ಅರ್ಧ ಮೀಟರಿನಲ್ಲಿದ್ದರೆ ನಿಮ್ಮ ಭುಜ, ಹ್ಯಾಂಡಲ್ ಸೇರಿ 85 ಸೆಂಟಿಮೀಟರ್ ಆಕ್ರಮಿಸುತ್ತದೆ. ಪಥ 3.5 ಮೀಟರ್ ಇದ್ದರೆ ಉಳಿಯುವ ಜಾಗ 10 ಸೆಂಟಿಮೀಟರ್. ಒಂದು ಅಂಗೈ ಅಗಲ. ಹಿಂದಿನಿಂದ ನೋಡುವ ಚಾಲಕನಿಗೆ 'ಹಿಡಿಸುತ್ತದೆ' ಅನಿಸುತ್ತದೆ, ಅಪಾಯ ಇರುವುದೇ ಅಲ್ಲಿ. ಮೂರು ಮೀಟರಿನ ಪಥದಲ್ಲಿ ಹಿಡಿಸುವುದಿಲ್ಲ ಎಂದು ಕಣ್ಣಿಗೇ ಕಾಣುವುದರಿಂದ ಅವನು ಹಿಂದೆ ಉಳಿಯುತ್ತಾನೆ. ನಾಲ್ಕೂವರೆ ಮೀಟರಿದ್ದರೆ 1.1 ಮೀಟರ್ ಅಂತರ ಸಿಗುತ್ತದೆ, ಗೆರೆಯನ್ನು ಸ್ವಲ್ಪ ತುಳಿದರೆ ಒಂದೂವರೆ. ಬ್ರಿಟನ್ನಿನ 2020ರ ಸೈಕಲ್ ರಸ್ತೆ ವಿನ್ಯಾಸ ಮಾರ್ಗಸೂಚಿ ಬಸ್ ಪಥ ಕನಿಷ್ಠ 4 ಮೀಟರ್, ಸಾಧ್ಯವಾದರೆ 4.5 ಮೀಟರ್ ಇರಲಿ, 3.2ರಿಂದ 3.9ರ ನಡುವಿನ ಅಗಲ ಬೇಡ ಎಂದು ಹೇಳುವುದು ಇದೇ ಕಾರಣಕ್ಕೆ.

ನೀವು ಮಾಡಬೇಕಾದದ್ದು: ಪಥ ನಾಲ್ಕು ಮೀಟರಿಗಿಂತ ಕಡಿಮೆ ಇದ್ದರೆ ಅಂಚಿಗೆ ಅಂಟಿಕೊಳ್ಳದೆ ನಡುವಿನಲ್ಲಿ ಹೋಗಿ. ಅಂಚಿಗೆ ಸರಿದಷ್ಟೂ ನೀವೇ ಬಸ್ಸನ್ನು ಕರೆದ ಹಾಗೆ. ನಿಲ್ದಾಣ ಬಂದಾಗ, ಅಥವಾ ಪಥ ಅಗಲವಾದಾಗ, ಬದಿಗೆ ಸರಿದು ಬಸ್ಸಿಗೆ ದಾರಿ ಕೊಡಿ, ಹಾರ್ನ್ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ನಿಂತ ಬಸ್ಸಿಗೂ ಫುಟ್‌ಪಾತಿಗೂ ನಡುವೆ ಎಂದೂ ನುಗ್ಗಬೇಡಿ. ಅಲ್ಲಿ ಜನ ಇಳಿಯುತ್ತಾರೆ, ಚಾಲಕನ ಕನ್ನಡಿಗೂ ನೀವು ಬೀಳುವುದಿಲ್ಲ. ಹಾರ್ನ್ ಬಗ್ಗೆ ದೂರು ಕೊಟ್ಟರೆ ಸಾಬೀತಾಗುವುದು ಕಷ್ಟ. ಅಂತರದ ಬಗ್ಗೆ ಕೊಡಿ. ಜರ್ಮನಿಯಲ್ಲಿ 2020ರಿಂದ ಊರೊಳಗೆ ಸೈಕಲ್ಲನ್ನು ಹಿಂದಿಕ್ಕುವಾಗ ಕನಿಷ್ಠ 1.5 ಮೀಟರ್, ಊರ ಹೊರಗೆ 2 ಮೀಟರ್ ಬಿಡಬೇಕು. ಫ್ರಾನ್ಸಿನಲ್ಲಿ ಊರೊಳಗೆ 1, ಹೊರಗೆ 1.5. ಬಸ್ಸಿನ ನಂಬರು, ಹೊತ್ತು, ಯಾವ ಎರಡು ನಿಲ್ದಾಣಗಳ ನಡುವೆ ಎಂಬುದು ಇದ್ದರೆ ಸಾರಿಗೆ ಸಂಸ್ಥೆ ಬಸ್ಸಿನದೇ ಕ್ಯಾಮೆರಾ ತೆಗೆದು ನೋಡಬಹುದು. ದೃಶ್ಯ ಅಳಿಸಿಹೋಗುವ ಮೊದಲು, ಅದೇ ದಿನ ಬರೆಯಿರಿ.

ನಿಂತ ವಾಹನದ ದೂರಿಗೆ ಬೇಕಾದ ಚಿತ್ರ ಹೇಗಿರಬೇಕು ಎಂಬುದನ್ನು ಕ್ಯಾಮೆರಾ ಇಟ್ಟು ದಂಡ ಹಾಕುವ ನಗರಗಳಿಂದ ಕಲಿಯಬಹುದು. ನ್ಯೂಯಾರ್ಕಿನಲ್ಲಿ 2019ರಿಂದ ಬಸ್ಸಿನ ಮುಂಭಾಗದಲ್ಲೇ ಕ್ಯಾಮೆರಾ ಇಟ್ಟು ಬಸ್ ಪಥ ತಡೆಯುವವರಿಗೆ ದಂಡ ಹಾಕುತ್ತಾರೆ. ತಿರುವಿಗಾಗಿ ಕ್ಷಣಕಾಲ ಒಳಗೆ ಬಂದವರು ಸಿಕ್ಕಿಬೀಳಬಾರದೆಂದು ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಕೂಡಿಸುತ್ತಾರೆ. ಹೊಸ ಮಾರ್ಗದಲ್ಲಿ ಮೊದಲ 60 ದಿನ ಎಚ್ಚರಿಕೆ ಮಾತ್ರ. ಆಮೇಲೆ ಮೊದಲ ತಪ್ಪಿಗೆ 50 ಡಾಲರ್, ಹನ್ನೆರಡು ತಿಂಗಳಲ್ಲಿ ಮರುಕಳಿಸಿದಂತೆ ಏರುತ್ತಾ ಐದನೆಯದಕ್ಕೆ 250 ಡಾಲರ್. ಲಂಡನ್ನಿನಲ್ಲಿ 2022ರ ಜೂನ್‌ನಿಂದ ಸೈಕಲ್ ಪಥಕ್ಕೆ ನುಗ್ಗುವವರನ್ನೂ ಕ್ಯಾಮೆರಾ ನೋಡುತ್ತದೆ. ದಂಡದ ಮೊತ್ತಕ್ಕಿಂತ, ಸಿಕ್ಕಿಬೀಳುವುದು ಖಾತ್ರಿ ಎಂಬ ಅರಿವೇ ಪಥವನ್ನು ಖಾಲಿ ಇಡುತ್ತದೆ ಎಂಬುದು ನಮ್ಮ ದೃಢ ಅಭಿಪ್ರಾಯ.

ನೀವು ಫುಟ್‌ಪಾತಿನ ಮೇಲೆ ಇಳಿದು ನಿಂತು ಮೂರು ಚಿತ್ರ ತೆಗೆಯಿರಿ, ಸೈಕಲ್ ಓಡಿಸುತ್ತಾ ಬೇಡ. ಮೊದಲನೆಯದು ಎಂಟು ಹತ್ತು ಮೀಟರ್ ಹಿಂದಿನಿಂದ: ಇಡೀ ವಾಹನ, ಗೆರೆಯ ಒಳಗಿರುವ ಚಕ್ರ, ಫಲಕ, ಗುರುತು ಸಿಗುವ ಒಂದು ಕಟ್ಟಡ. ಎರಡನೆಯದು ನಂಬರ್ ಪ್ಲೇಟ್. ಮೂರನೆಯದು ಮೂರು ನಿಮಿಷ ಬಿಟ್ಟು, ಮೊದಲ ಜಾಗದಿಂದಲೇ. 'ಸಿಗ್ನಲ್ಲಿಗೆ ನಿಂತಿದ್ದೆ' ಎಂಬ ಉತ್ತರಕ್ಕೆ ಈ ಮೂರನೆಯ ಚಿತ್ರ ಅವಕಾಶ ಕೊಡುವುದಿಲ್ಲ. ಚಿತ್ರ ಕತ್ತರಿಸಬೇಡಿ. ಮೂಲ ಕಡತವನ್ನೇ ಕಳಿಸಿ, ಮೆಸೇಜ್ ಆ್ಯಪ್‌ನಲ್ಲಿ ದಾಟಿಸಿದರೆ ಒಳಗಿನ ದಿನಾಂಕ, ಸ್ಥಳದ ಮಾಹಿತಿ ಕಳಚಿಹೋಗಬಹುದು. ಚಾಲಕ ಎದುರಾದರೆ ವಾದ ಬೇಡ. ನಿಮ್ಮ ಕೆಲಸ ಚಿತ್ರದೊಂದಿಗೆ ಮುಗಿಯಿತು.

ಒಂದು ವ್ಯಾನಿನ ದೂರಿಗಿಂತ ಒಂದು ಜಾಗದ ದೂರಿಗೆ ತೂಕ ಹೆಚ್ಚು. ಎರಡು ವಾರ, ಅದೇ 200 ಮೀಟರ್, ಅದೇ ಹೊತ್ತು: ಎಷ್ಟು ವಾಹನ ನಿಂತವು, ಎಂಥವು, ಎಷ್ಟು ನಿಮಿಷ. ಬರೆಯುತ್ತಾ ಹೋದರೆ, ನಿಂತವರಲ್ಲಿ ಹೆಚ್ಚಿನವರು ಸರಕು ಇಳಿಸುವವರೇ ಎಂದು ಕಾಣಬಹುದು. ಅವರಿಗೂ ಹೊಟ್ಟೆಪಾಡು, ನಿಲ್ಲಲು ಬೇರೆ ಜಾಗ ಇಲ್ಲ. ಹಾಗಿದ್ದಲ್ಲಿ ಪಕ್ಕದ ಅಡ್ಡರಸ್ತೆಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಸರಕು ಇಳಿಸುವ ಜಾಗ ಗುರುತಿಸಿ ಎಂದು ಕೇಳಿ, ಜೊತೆಗೆ ಪಥದ ಗೆರೆಯ ಮೇಲೆ ಬಾಗುವ ಕಂಬ ಕೇಳಿ. ಕಂಬದ ಅಂತರವನ್ನೂ ಬರೆಯಿರಿ. ಕಾರಿನ ಉದ್ದ ಸುಮಾರು 4.5 ಮೀಟರ್, ಹತ್ತು ಮೀಟರಿಗೊಂದು ಕಂಬ ನೆಟ್ಟರೆ ಅದು ಸಲೀಸಾಗಿ ಒಳಗೆ ಸೇರಿ ನಿಲ್ಲುತ್ತದೆ. ಮೂರು ಮೀಟರಿಗೊಂದು ಇದ್ದರೆ ತಿರುಗಿಸಿ ನುಗ್ಗಲು ಜಾಗ ಸಾಲದು. ತುರ್ತು ವಾಹನ ಬಂದರೆ ಬಾಗುವ ಕಂಬ ಮಲಗಿ ಮತ್ತೆ ಏಳುತ್ತದೆ.

ಕೆಂಪು ದೀಪ, ರಾತ್ರಿ ಲೈಟು, ಎದುರು ದಿಕ್ಕಿನಲ್ಲಿ ಬರದಿರುವುದು: ಇವನ್ನು ನೀವು ಪಾಲಿಸುತ್ತೀರೆಂದು ನಂಬಿದ್ದೇವೆ. ಅಮೆರಿಕದ ಐಡಹೋ ರಾಜ್ಯದಲ್ಲಿ 1982ರಿಂದ ಸೈಕಲ್‌ನವರು 'ನಿಲ್ಲಿ' ಫಲಕದ ಬಳಿ ಪೂರ್ತಿ ನಿಲ್ಲದೆ, ನಿಧಾನಿಸಿ ದಾರಿ ಬಿಟ್ಟು ಹೋಗಬಹುದು. ಆದರೆ ಅದು ಅಲ್ಲಿನ ಕಾನೂನೇ ಕೊಟ್ಟ ಅವಕಾಶ, ಬೇರೆಡೆ ಅದನ್ನು ತೋರಿಸಿ ತಪ್ಪಿಸಿಕೊಳ್ಳಲು ಆಗದು.

ಕೊನೆಯದಾಗಿ, ಆಕ್ಷೇಪಣೆಯ ಜೊತೆ ಇನ್ನೊಂದು ಪ್ರತ್ಯೇಕ ಕಾಗದ ಹಾಕಿ. ಸರ್ಕಾರಿ ಮಾಹಿತಿ ಕೇಳುವ ಹಕ್ಕು ಇರುವ ಕಡೆ ಅದರಡಿಯಲ್ಲೇ ಹಾಕಿ. ಅದರಲ್ಲಿ ಮೂರೇ ಪ್ರಶ್ನೆ ಇರಲಿ. ಈ ರಸ್ತೆಯ ಸೈಕಲ್ ಪಥದಲ್ಲಿ ನಿಲ್ಲುವ ವಾಹನಗಳ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರ ಯಾರದು? ಪಥವನ್ನು ಘೋಷಿಸಿದ ಆದೇಶದ ಪ್ರತಿ ಕೊಡುತ್ತೀರಾ? ಕಳೆದ ಆರು ತಿಂಗಳಲ್ಲಿ ಇದೇ ರಸ್ತೆಯಲ್ಲಿ ಪಥ ಬಿಟ್ಟ ಸೈಕಲ್‌ನವರಿಗೆ ಎಷ್ಟು ದಂಡ ಹಾಕಿದ್ದೀರಿ, ಪಥದಲ್ಲಿ ನಿಂತ ವಾಹನಗಳಿಗೆ ಎಷ್ಟು? ಉತ್ತರ ಬಂದ ಮೇಲೆ ಆ ಎರಡು ಸಂಖ್ಯೆಗಳನ್ನು ನಮಗೂ ಬರೆದು ತಿಳಿಸಿ, ಪ್ರಕಟಿಸುತ್ತೇವೆ.